ತಲೆ ಹೋಯಿತು ಅನ್ನುವ ಮೊದಲು ಕಿವಿ ನೋಡಿಸಿ

ನನ್ನ ಬಲಗಿವಿ 48, ಎಡಗಿವಿ 52. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಊರೂರ ಮಕ್ಕಳಿಗೆ ಅಂಕ ಹಾಕಿ ನಿವೃತ್ತನಾದವನು ನಾನು. ಆದರೆ ಕಿವಿ ಅಳೆಯುವ ಪಟ್ಟಿಯಲ್ಲಿ ಅಂಕ ಏರಿದಷ್ಟೂ ಫೇಲು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 20 ಡೆಸಿಬಲ್‌ಗಿಂತ ಸಣ್ಣ ಸದ್ದೂ ಕೇಳಿಸುವ ಕಿವಿ ಗಟ್ಟಿ ಕಿವಿ. 20ರಿಂದ 35ರವರೆಗೆ ಅಲ್ಪ ಮಂದ, 35ರಿಂದ 50ರವರೆಗೆ ಮಧ್ಯಮ, 50 ದಾಟಿದರೆ ಇನ್ನೂ ಒಂದು ಮೆಟ್ಟಿಲು ಕೆಳಗೆ. ನಾನು ಗೆರೆಯ ಆಚೆ ಒಂದು, ಈಚೆ ಒಂದು ಕಿವಿ ಇಟ್ಟುಕೊಂಡು ಕೂತಿದ್ದೇನೆ. ಎರಡಕ್ಕೂ ಮಷೀನು ಹಾಕಿಕೊಂಡಿದ್ದೇನೆ.

ನಮ್ಮೂರು ರಾಯಚೂರು ಜಿಲ್ಲೆಯ ವಳಕಮದಿನ್ನಿ. ಸಂತೆಗೆ, ದವಾಖಾನೆಗೆ, ಕಚೇರಿ ಕೆಲಸಕ್ಕೆ ಅಂತ ಮಸ್ಕಿ, ಸಿಂಧನೂರು, ಲಿಂಗಸುಗೂರಿನ ಬಸ್ಸು ಹತ್ತುವ ಜನ ನಾವು. ಈ ಭಾಗದಲ್ಲಿ ಕಿವಿ ಮಂದ ಆಗುವುದು ಕಾಯಿಲೆ ಅಲ್ಲ, ವಯಸ್ಸಿನ ಮರ್ಯಾದೆ. ತಲೆ ನರೆತ ಹಾಗೆ, ಹಲ್ಲು ಬಿದ್ದ ಹಾಗೆ ಅದೂ ಒಂದು. ಕಣ್ಣಿಗೆ ಪೊರೆ ಬಂದರೆ ಕ್ಯಾಂಪಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಾರೆ. ಕಿವಿಗೆ ಮಾತ್ರ ಜೋರಾಗಿ ಕೂಗುವುದೇ ಚಿಕಿತ್ಸೆ.

ಎಂಬತ್ತರ ಹತ್ತಿರ ಬಂದಿರುವ ನಮ್ಮ ದೊಡ್ಡವ್ವನ ವಿಷಯ ಇಲ್ಲಿಂದಲೇ ಶುರುವಾಗುತ್ತದೆ. ಊರಿಗೆ ಹೋದಾಗ ಆಕೆಯ ಸೊಸೆ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು ಹೇಳಿದಳು: "ಭಾವಾರ, ಅತ್ತಿಯವ್ರ ತಲಿ ಪೂರಾ ಹೋಗೈತ್ರಿ. ಉಪ್ಪು ತರ್ರಿ ಅಂದ್ರ ಸೊಪ್ಪು ತರ್ತಾರ. ಮೊನ್ನಿ ಬೀಗರು ಬಂದಾರ ಅಂದ್ರ ಬೀಗ ಹುಡುಕಾಕ ಹತ್ತಿದ್ರು. ಹೇಳಿದ್ದು ಒಂದು, ಮಾಡೋದು ಒಂದು." ಅರವತ್ತಕ್ಕೆ ಅರಳುಮರಳು ಅನ್ನುವ ಮಾತು ಇದ್ದೇ ಇದೆಯಲ್ಲ. ಮನೆಯವರು ಅದರ ಮೇಲೆ ತೀರ್ಪು ಬರೆದು ಮುಗಿಸಿದ್ದರು. ಅಡುಗೆಮನೆ ಜವಾಬ್ದಾರಿ ಹೋಗಿತ್ತು, ದುಡ್ಡಿನ ಲೆಕ್ಕ ಹೋಗಿತ್ತು, ಕೊನೆಗೆ ಆಕೆಯೊಡನೆ ಮಾತಾಡುವುದೂ ಹೋಗಿತ್ತು.

ನನ್ನ ಮೇಷ್ಟ್ರಬುದ್ಧಿಗೆ ಒಂದು ಅನುಮಾನ ಬಂತು. ಉಪ್ಪು–ಸೊಪ್ಪು, ಬೀಗರು–ಬೀಗ. ಮರೆವಿನವರು ತಪ್ಪು ಮಾಡಿದರೆ ಅದು ಹೀಗೆ ಪ್ರಾಸಬದ್ಧವಾಗಿ ಬರುವುದಿಲ್ಲ. ಉಪ್ಪು ತರಲು ಎದ್ದವರು ಯಾಕೆ ಎದ್ದೆ ಎಂದೇ ಮರೆತು ಬಾಗಿಲಲ್ಲಿ ನಿಂತುಬಿಡುತ್ತಾರೆ. ಸೊಪ್ಪು ತಂದವಳು ಮರೆತಿಲ್ಲ. ತನಗೆ ಕೇಳಿಸಿದ್ದನ್ನು ಚೊಕ್ಕವಾಗಿ ಮಾಡಿದ್ದಾಳೆ. ಅದೂ ಅಲ್ಲದೆ, ಯಾವ ವರ್ಷ ಯಾರು ಎಷ್ಟು ಚೀಲ ಜೋಳ ಕಡ ಒಯ್ದಿದ್ದರು, ತಿರುಗಿ ಕೊಟ್ಟವರು ಯಾರು, ನುಂಗಿದವರು ಯಾರು ಎಂಬ ಲೆಕ್ಕ ಆಕೆಯ ಬಾಯಲ್ಲಿ ಇನ್ನೂ ಗಟ್ಟಿಯಾಗಿತ್ತು.

ಕಿವಿ ಹೇಗೆ ಕೆಲಸ ಮಾಡುತ್ತದೆ ಎಂದು ಒಂಬತ್ತನೆಯ ತರಗತಿಗೆ ಎಷ್ಟೋ ಸಲ ಹೇಳಿದ್ದೇನೆ. ತಮಟೆ, ಅದರ ಹಿಂದೆ ಮೂರು ಪುಟ್ಟ ಎಲುಬು, ಆಮೇಲೆ ಕಾಕ್ಲಿಯಾ ಎಂಬ ದ್ರವ ತುಂಬಿದ ಸುರುಳಿ. ಈ ಸುರುಳಿಯೊಳಗೆ ಸುಮಾರು 15 ಸಾವಿರ ರೋಮಕೋಶಗಳಿವೆ. ಸದ್ದಿನ ಅಲೆ ಬಂದಾಗ ಅವುಗಳ ತುದಿಯ ರೋಮ ಬಾಗುತ್ತದೆ, ಬಾಗಿದಾಗ ನರಕ್ಕೆ ವಿದ್ಯುತ್ ಸಂದೇಶ ಹೋಗುತ್ತದೆ. ಸುರುಳಿಯ ಒಂದೊಂದು ಜಾಗ ಒಂದೊಂದು ಸ್ವರಕ್ಕೆ ಮೀಸಲು. ಇದನ್ನು ತೋರಿಸಿಕೊಟ್ಟ ಗೇಯೊರ್ಗ್ ಫಾನ್ ಬೇಕೆಶಿ ಅವರಿಗೆ 1961ರಲ್ಲಿ ನೊಬೆಲ್ ಬಂತು. ತೆಳುವಾದ, ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು ಸುರುಳಿಯ ಬಾಗಿಲಲ್ಲೇ ಇರುತ್ತವೆ. ವಯಸ್ಸಾಗಲಿ, ಗದ್ದಲವಾಗಲಿ, ಮೊದಲ ಪೆಟ್ಟು ಅವಕ್ಕೆ. ಸಿಂಧನೂರು ಕಡೆ ಗಾಳಿಮಳೆಗೆ ಭತ್ತ ಮಲಗುವುದನ್ನು ನೋಡಿದ್ದೀರಲ್ಲ, ಜೋರು ಸದ್ದಿಗೆ ಈ ರೋಮಗಳೂ ಹಾಗೇ ಮಲಗುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಕೆಲವು ಏಳುತ್ತವೆ. ಮುರಿದದ್ದು ಮತ್ತೆ ಚಿಗುರುವುದಿಲ್ಲ. ಕೋಳಿಗೆ ಚಿಗುರುತ್ತದೆ, ಮನುಷ್ಯನಿಗಿಲ್ಲ. ಹಕ್ಕಿಗಳ ಕಿವಿಯಲ್ಲಿ ಹೊಸ ರೋಮಕೋಶ ಹುಟ್ಟುವುದನ್ನು 1980ರ ದಶಕದಲ್ಲೇ ಕಂಡುಹಿಡಿದಿದ್ದಾರೆ. ಆ ವಿದ್ಯೆಯನ್ನು ಮನುಷ್ಯನ ಕಿವಿಗೆ ಕಲಿಸಲು ಇನ್ನೂ ಆಗಿಲ್ಲ.

ಎತ್ತರದ ಸ್ವರ ಹೋದರೆ ಏನಾಗುತ್ತದೆ? ಮಾತು ಕೇಳುತ್ತದೆ, ತಿಳಿಯುವುದಿಲ್ಲ. ಆ, ಈ, ಊ ಎಂಬ ಸ್ವರಾಕ್ಷರಗಳು ದಪ್ಪ ದನಿಯವು, ಅವು ಬಂದು ಬೀಳುತ್ತವೆ. ಸ, ಶ, ಹ, ಕ, ತ — ಇವು ತೆಳು, ದಾರಿಯಲ್ಲೇ ಉದುರುತ್ತವೆ. ಹಾಲು, ಕಾಲು, ಸಾಲು ಮೂರೂ ನನಗೆ ಮಷೀನು ಇಲ್ಲದಿದ್ದರೆ ಬರೀ 'ಆಲು'. ಹಾಲಿನವನು ಬಂದಿದ್ದಾನೋ, ಯಾರದಾದರೂ ಕಾಲು ನೋಯುತ್ತಿದೆಯೋ ಎಂದು ಉಳಿದ ಮಾತು, ಮುಖ, ಹೊತ್ತು ನೋಡಿ ಊಹಿಸಬೇಕು. ಅದಕ್ಕೇ ಕಿವುಡರಿಗೆ ಕೂಗಿ ಹೇಳಿದರೆ ಸಿಟ್ಟು ಬರುತ್ತದೆ. ಕೂಗಿದಾಗ 'ಆ' ಇನ್ನೂ ದೊಡ್ಡದಾಗುತ್ತದೆ, 'ಹ' ಅಲ್ಲೇ ಇರುತ್ತದೆ.

ಈ ಊಹೆಯ ಕೂಲಿ ಎಷ್ಟು ದುಬಾರಿ ಎಂದು ಅನುಭವಿಸಿದವರಿಗೇ ಗೊತ್ತು. ಸಿಂಧನೂರಿನ ಕಲ್ಯಾಣ ಮಂಟಪದಲ್ಲಿ ಒಂದು ಮದುವೆ ಮುಗಿಸಿ ಬಂದರೆ ಹೊಲದಲ್ಲಿ ದಿನವಿಡೀ ದುಡಿದಷ್ಟು ದಣಿವು. ಬ್ಯಾಂಡು, ಪಾತ್ರೆ ಸದ್ದು, ನೂರು ಬಾಯಿ. ಅದರ ನಡುವೆ ಎದುರಿನ ಬೀಗರ ಮಾತಿನ ಅರ್ಧ ಹಿಡಿದು ಇನ್ನರ್ಧ ಕಟ್ಟಿಕೊಳ್ಳಬೇಕು. ಎಲ್ಲರೂ ನಕ್ಕಾಗ ನಗಬೇಕು. ಯಾರೋ ತೀರಿಹೋದ ಸುದ್ದಿಗೆ 'ಒಳ್ಳೇದಾತು' ಅಂದುಬಿಟ್ಟರೆ ಎಂಬ ಭಯ ಬೇರೆ. ಎಲ್ಲ ಬುದ್ಧಿಯೂ ಪದ ಹಿಡಿಯುವುದಕ್ಕೇ ಖರ್ಚಾದ ಮೇಲೆ, ಕೇಳಿದ್ದನ್ನು ನೆನಪಿಟ್ಟುಕೊಳ್ಳಲು ಉಳಿಯುವುದೇನು?

ಇದೇ ಪ್ರಶ್ನೆ ಹಿಡಿದು ಹೊರಟವರು ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಫ್ರಾಂಕ್ ಲಿನ್. ಮೂಲತಃ ಕಿವಿಯ ಶಸ್ತ್ರಚಿಕಿತ್ಸಕ, ಜೊತೆಗೆ ರೋಗ ಜನರಲ್ಲಿ ಹೇಗೆ ಹಬ್ಬುತ್ತದೆ ಎಂಬುದರ ಸಂಶೋಧಕ. ಡಿಮೆನ್ಷಿಯಾ, ಅಂದರೆ ಬುದ್ಧಿಮರೆವು ಇಲ್ಲದ 639 ಜನರ ಕಿವಿಯನ್ನು ಮೊದಲು ಅಳೆದು, ವರ್ಷಗಟ್ಟಲೆ ಅವರನ್ನು ಗಮನಿಸಿದ ಲೆಕ್ಕವನ್ನು ಅವರ ತಂಡ 2011ರಲ್ಲಿ ಪ್ರಕಟಿಸಿತು. ಕಿವಿ ಅಲ್ಪ ಮಂದವಿದ್ದವರಿಗೆ ಬುದ್ಧಿಮರೆವು ಬರುವ ಸಂಭವ ಸುಮಾರು ಎರಡು ಪಟ್ಟು, ಮಧ್ಯಮ ಇದ್ದವರಿಗೆ ಮೂರು ಪಟ್ಟು, ತೀವ್ರವಾಗಿದ್ದವರಿಗೆ ಐದು ಪಟ್ಟು. 2014ರಲ್ಲಿ ಅದೇ ತಂಡ 126 ಜನರ ಮಿದುಳಿನ ಎಂಆರ್‌ಐ ಚಿತ್ರಗಳನ್ನು ವರ್ಷಗಳ ಅಂತರದಲ್ಲಿ ಹೋಲಿಸಿತು. ಕಿವಿ ಮಂದವಿದ್ದವರ ಮಿದುಳು ಬೇಗ ಕುಗ್ಗುತ್ತಿತ್ತು. ಅದರಲ್ಲೂ ಸದ್ದು, ಮಾತಿನ ಕೆಲಸ ನೋಡುವ ಬಲಗಡೆಯ ಕಣತಲೆ ಭಾಗ.

ಯಾಕೆ ಹೀಗೆ? ಒಂದು, ಆಗಲೇ ಹೇಳಿದ ಊಹೆಯ ಹೊರೆ. ಎರಡು, ಸದ್ದಿನ ಮೇವು ಸಿಗದ ಮಿದುಳಿನ ಭಾಗ ತಾನೇ ಸೊರಗುವುದು. ಮೂರನೆಯದನ್ನು ಹೇಳಲು ವಿಜ್ಞಾನಿ ಬೇಕಿಲ್ಲ, ನಮ್ಮೂರ ಅಗಸಿ ಕಟ್ಟೆಗೆ ಬಂದು ನೋಡಿದರೆ ಸಾಕು. ಕಿವಿ ಕೇಳದವನು ಮೊದಲು ಕಟ್ಟೆಯ ನಡುವಿನಿಂದ ಅಂಚಿಗೆ ಸರಿಯುತ್ತಾನೆ, ಆಮೇಲೆ ಕಟ್ಟೆಗೇ ಬರುವುದಿಲ್ಲ. ಮನೆಯ ಹಿತ್ತಲಲ್ಲಿ ಒಬ್ಬನೇ ಕೂತುಬಿಡುತ್ತಾನೆ. ಮಾತಿಲ್ಲ, ಹರಟೆಯಿಲ್ಲ, ಜಗಳವೂ ಇಲ್ಲ. ಜಗಳವಾಡದ ಮಿದುಳು ಬೇಗ ಮಂಕಾಗುತ್ತದೆ ಎಂಬುದು ನನ್ನ ಸ್ವಂತ ಅಭಿಪ್ರಾಯ. ಒಂಟಿತನ ಬುದ್ಧಿಮರೆವಿಗೆ ದಾರಿ ಎಂಬುದು ಸಂಶೋಧಕರದ್ದು. ನಾಲ್ಕನೆಯ ಸಾಧ್ಯತೆಯೂ ಇದೆ: ಬಿಪಿ, ಸಕ್ಕರೆ ಕಾಯಿಲೆ, ಸಣ್ಣ ರಕ್ತನಾಳಗಳ ತೊಂದರೆ ಒಟ್ಟಿಗೇ ಕಿವಿಯನ್ನೂ ಮಿದುಳನ್ನೂ ಕೆಡಿಸುತ್ತಿರಬಹುದು. ಆಗ ಕಿವಿ ಕಾರಣವಲ್ಲ, ಮುನ್ಸೂಚನೆ.

ಹಾಗಾದರೆ ಮಷೀನು ಹಾಕಿದರೆ ಬುದ್ಧಿ ಉಳಿಯುತ್ತದೆಯೇ? ಅಂಗಡಿಯವರು ಹೌದು ಎನ್ನುತ್ತಾರೆ. ಅಷ್ಟು ಸಲೀಸಲ್ಲ. ಲಿನ್ ನೇತೃತ್ವದಲ್ಲೇ 70ರಿಂದ 84 ವಯಸ್ಸಿನ 977 ಜನರ ಮೇಲೆ ಅಮೆರಿಕದ ನಾಲ್ಕು ಕಡೆ ಅಚೀವ್ ಎಂಬ ಪ್ರಯೋಗ ನಡೆಯಿತು. ಅರ್ಧ ಜನರಿಗೆ ಶ್ರವಣಯಂತ್ರ ಮತ್ತು ಅದನ್ನು ಬಳಸುವ ತರಬೇತಿ, ಉಳಿದರ್ಧ ಜನರಿಗೆ ಬರೀ ಆರೋಗ್ಯದ ತಿಳಿವಳಿಕೆ. ಮೂರು ವರ್ಷದ ನಂತರ, 2023ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಒಟ್ಟು ಸೇರಿಸಿ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವಿಲ್ಲ. ಆದರೆ ಮೊದಲೇ ಗಂಡಾಂತರ ಹೆಚ್ಚಿದ್ದ, ಅಂದರೆ ಹೆಚ್ಚು ವಯಸ್ಸಾದ, ಬಿಪಿ–ಸಕ್ಕರೆಯಂಥ ಕಾಯಿಲೆ ಜಾಸ್ತಿ ಇದ್ದ, ಓದು ಮತ್ತು ವರಮಾನ ಕಡಿಮೆಯಿದ್ದ ಗುಂಪಿನಲ್ಲಿ, ಮಷೀನು ಹಾಕಿದವರ ಬುದ್ಧಿಶಕ್ತಿ ಇಳಿಯುವ ವೇಗ ಶೇ 48ರಷ್ಟು ಕಡಿಮೆಯಾಗಿತ್ತು. ಓದು ಕಡಿಮೆ, ವರಮಾನ ಕಡಿಮೆ, ಕಾಯಿಲೆ ಜಾಸ್ತಿ — ಇದು ಯಾರ ಚಿತ್ರ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲೊಂದು ಉಪಕಥೆ ಹೇಳಲೇಬೇಕು. ಅದೇ 2023ರಲ್ಲಿ ಬ್ರಿಟನ್ನಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಆಧರಿಸಿ ಮಷೀನು ಹಾಕಿಕೊಂಡ ಮಂದ ಕಿವಿಯವರಿಗೆ ಬುದ್ಧಿಮರೆವಿನ ಹೆಚ್ಚುವರಿ ಅಪಾಯವಿಲ್ಲ ಎನ್ನುವ ಪ್ರಬಂಧವೊಂದು ದೊಡ್ಡ ಪತ್ರಿಕೆಯಲ್ಲಿ ಬಂದು ಜಗತ್ತೆಲ್ಲ ಸುದ್ದಿಯಾಯಿತು. ವರ್ಷ ಮುಗಿಯುವುದರೊಳಗೆ ಅದನ್ನು ವಾಪಸ್ ಪಡೆದರು. ಮಷೀನು ಹಾಕಿದವರು ಯಾರು, ಹಾಕದವರು ಯಾರು ಎಂಬ ಪಟ್ಟಿಯೇ ಅದಲುಬದಲಾಗಿತ್ತಂತೆ. ನನ್ನ ವಿದ್ಯಾರ್ಥಿಗಳು ಇದನ್ನು ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆದರೂ ತಪ್ಪನ್ನು ಬಹಿರಂಗವಾಗಿ ಒಪ್ಪಿ ಹಿಂದೆ ತೆಗೆದುಕೊಳ್ಳುವ ಪದ್ಧತಿ ಇದೆಯಲ್ಲ, ಅದಕ್ಕೇ ವಿಜ್ಞಾನವನ್ನು ನಂಬುವುದು.

ಜಗತ್ತಿನ ತಜ್ಞರು ಕೂತು ಎಲ್ಲ ಪುರಾವೆಯನ್ನೂ ಜರಡಿ ಹಿಡಿದು ವರದಿ ಕೊಡುವ ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿದ್ದು ಇಷ್ಟು: ಬುದ್ಧಿಮರೆವಿನ ಶೇ 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು. ಅದಕ್ಕೆ 14 ಅಂಶಗಳತ್ತ ಗಮನ ಕೊಡಬೇಕು. ಅವುಗಳಲ್ಲಿ ಅತಿ ದೊಡ್ಡ ಪಾಲು, ತಲಾ ಶೇ 7, ಎರಡಕ್ಕೆ. ಒಂದು ಕೆಟ್ಟ ಕೊಲೆಸ್ಟರಾಲ್, ಇನ್ನೊಂದು ಕಿವಿ.

ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಬುದ್ಧಿಮರೆವು ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಆದರೆ ಹಳ್ಳಿಯ ಅನಕ್ಷರಸ್ಥ ಅಜ್ಜಿಯ ಬುದ್ಧಿಯನ್ನು ಅಳೆಯುವುದು ಹೇಗೆ? ಪಶ್ಚಿಮದ ಪರೀಕ್ಷೆಗಳಲ್ಲಿ ವಾಕ್ಯ ಬರೆಯಬೇಕು, ನೂರರಿಂದ ಏಳೇಳು ಕಳೆಯಬೇಕು. 1990ರ ದಶಕದಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಅಂಥ ಪರೀಕ್ಷೆಯೊಂದನ್ನು ಹಿಂದಿಯಲ್ಲಿ ಹೊಸದಾಗಿ ಕಟ್ಟಿದರು. ನಮ್ಮ ರಾಜ್ಯದಲ್ಲಿ ನರವಿಜ್ಞಾನಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ದೊಡ್ಡದೊಂದು ಕೆಲಸಕ್ಕೆ ಕೈಹಾಕಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳ, 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ರಕ್ತ, ನಡಿಗೆ, ನೆನಪು, ಮಿದುಳಿನ ಚಿತ್ರ ಎಲ್ಲವನ್ನೂ ದಾಖಲಿಸುವ ಗುರಿ ಅದರದ್ದು. ಮಾವು, ರೇಷ್ಮೆ, ಹಾಲಿನ ಸೀಮೆಯ ರೈತರು ಪರೀಕ್ಷೆಗೆ ಬಂದು ಎಂಆರ್‌ಐ ಯಂತ್ರದಲ್ಲಿ ಮಲಗುತ್ತಾರೆ. ಕಾಯಿಲೆ ಬಂದ ಮೇಲೆ ಅಲ್ಲ, ಬರುವ ಮೊದಲು. ಬಾಲ್ಟಿಮೋರಿನವರ ಲೆಕ್ಕ ನಮ್ಮ ಹೊಲಗಳಿಗೆ ಎಷ್ಟು ಒಪ್ಪುತ್ತದೆ ಎಂದು ತಿಳಿಯಬೇಕಾದರೆ ಇಂಥ ಕೆಲಸವೇ ಆಗಬೇಕು. ಕಲ್ಯಾಣ ಕರ್ನಾಟಕದಲ್ಲೂ ಒಂದು ತಾಲ್ಲೂಕನ್ನು ಹೀಗೆ ಹಿಡಿದುಕೊಳ್ಳಲಿ ಎಂಬುದು ನನ್ನ ಆಸೆ.

ಅಂಥ ಸಂಶೋಧಕರಿಗೆ ಭಾಷೆಗಳಲ್ಲಿ ಸಿಂಧನೂರಿನಷ್ಟು ಸಮೃದ್ಧ ಊರು ಸಿಗುವುದು ಕಷ್ಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪುಗಳಾದವು. ಕನ್ನಡ, ತೆಲುಗು, ಉರ್ದು, ಲಂಬಾಣಿ, ಬಂಗಾಳಿ ಎಲ್ಲ ಒಂದೇ ಸಂತೆಯಲ್ಲಿ ಕೇಳುತ್ತವೆ. ಶಾಲೆಯ ಮುಖ ನೋಡದ ಹಮಾಲನೂ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾನೆ. ಇದನ್ನು ಯಾಕೆ ಹೇಳಿದೆ ಅಂದರೆ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಸುವರ್ಣ ಅಲ್ಲಾಡಿ ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿದ್ದಾಗ 648 ಬುದ್ಧಿಮರೆವಿನ ರೋಗಿಗಳ ದಾಖಲೆ ನೋಡಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆಯ ಲಕ್ಷಣ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಲಾಭ ಇತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಜಗತ್ತಿನಾದ್ಯಂತ ಚರ್ಚೆಯಾಯಿತು. ನಮ್ಮ ಭಾಗದವರಿಗೆ ಇದು ಪುಕ್ಕಟೆಯಾಗಿ ಬಂದ ಆಸ್ತಿ. ಆದರೆ ಭಾಷೆ ಒಳಗೆ ಬರುವ ಬಾಗಿಲು ಕಿವಿ ತಾನೆ? ಅದು ಮುಚ್ಚಿದರೆ ಮೊದಲು ಹೋಗುವುದು ಮನೆಮಾತಲ್ಲ, ಸಂತೆಯಲ್ಲಿ ಕಲಿತ ಮಾತು. ನನಗೂ ಆಗಿದ್ದು ಹಾಗೇ. ಕನ್ನಡವನ್ನು ಊಹಿಸಿ ಹಿಡಿಯುತ್ತಿದ್ದೆ, ತೆಲುಗು ಕೈಬಿಟ್ಟಿತ್ತು.

ನಮ್ಮಲ್ಲಿ ಕಿವಿ ಕೆಡಲು ವಯಸ್ಸೊಂದೇ ಕಾರಣವಲ್ಲ. ಟ್ರ್ಯಾಕ್ಟರಿನ ಸೀಟಿನಲ್ಲಿ 90 ಡೆಸಿಬಲ್ ದಾಟುವುದು ಮಾಮೂಲಿ. ಅದರ ಮೇಲೆ ಡ್ರೈವರ್ ಹಾಕುವ ಹಾಡು ಬೇರೆ. ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗು, ಕಲ್ಲು ಕ್ರಷರ್ ಇವೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ದೇಶಕ್ಕೆಲ್ಲ ಚಿನ್ನದ ಗಣಿಗೆ ಹೆಸರಾದ ಊರು. ಬಂಡೆ ಕೊರೆಯುವ ಕೆಲಸ ಜಗತ್ತಿನ ಯಾವ ಗಣಿಯಲ್ಲೇ ಆಗಲಿ ಕಿವಿಗೆ ಶತ್ರು. ಜಾತ್ರೆ, ಗಣಪತಿ ಮೆರವಣಿಗೆಯ ಡಿಜೆ ಪೆಟ್ಟಿಗೆ ಮುಂದೆ ಹುಡುಗರು ಕುಣಿಯುವುದನ್ನು ನೋಡಿದರೆ ಮೂವತ್ತು ವರ್ಷ ಮುಂದಿನ ನನ್ನಂಥವರೇ ಕಾಣುತ್ತಾರೆ. ಚಿಕ್ಕಂದಿನಲ್ಲಿ ಕಿವಿ ಸೋರಿದ್ದಕ್ಕೆ ಬಿಸಿ ಎಣ್ಣೆ ಬಿಟ್ಟದ್ದು, ಗುಗ್ಗೆ ತೆಗೆಯಲು ಬೆಂಕಿಕಡ್ಡಿ, ಹೇರ್‌ಪಿನ್ನು ಹಾಕಿದ್ದು, ಕ್ಷಯಕ್ಕೆ ಹಿಂದೆ ಕೊಡುತ್ತಿದ್ದ ಸ್ಟ್ರೆಪ್ಟೊಮೈಸಿನ್ ಸೂಜಿ, ಹೀಗೆ ಲೆಕ್ಕ ಬೆಳೆಯುತ್ತದೆ.

ದೊಡ್ಡವ್ವನನ್ನು ಮೊದಲು ಕರೆದುಕೊಂಡು ಹೋದದ್ದು ಮರೆವಿಗೆ ಅಂತಲೇ, ಒಂದು ಆಸ್ಪತ್ರೆಗೆ. ವೈದ್ಯರು ಮುಖ ಎತ್ತದೆ ಬರೆಯುತ್ತಲೇ ಕೇಳಿದರು: "ಇದು ಯಾವ ಊರಮ್ಮ?" ಆಕೆಗೆ ಕೇಳಿಸಿದ್ದು 'ಯಾರು' ಅಂತ. ನನ್ನತ್ತ ಕೈಮಾಡಿ ಹೆಮ್ಮೆಯಿಂದ, "ನಮ್ಮ ಮೈದನ ಮಗ ರೀ, ಮಾಸ್ತರ" ಅಂದಳು. ಹಾಳೆಯಲ್ಲಿ ಒಂದು ಸೊನ್ನೆ ಬಿತ್ತು. ಮೂರು ಪದ ಹೇಳಿ ನೆನಪಿಟ್ಟುಕೋ ಅಂದರು. ಆಕೆಯ ಕಿವಿಗೆ ಬಿದ್ದದ್ದು ಎರಡೋ, ಒಂದೋ. ಇನ್ನೊಂದು ಸೊನ್ನೆ. ಪ್ರಶ್ನೆ ಪತ್ರಿಕೆಯನ್ನೇ ಕೊಡದೆ ಹುಡುಗನನ್ನು ಫೇಲು ಮಾಡಿದರೆ ಪಾಲಕರು ಬಂದು ಶಾಲೆಗೆ ಬೀಗ ಹಾಕುತ್ತಿದ್ದರು.

ಆಮೇಲೆ ಕಿವಿ ಪರೀಕ್ಷೆ. ಡಾಕ್ಟರು ಕಿವಿಯೊಳಗೆ ಲೈಟು ಬಿಟ್ಟು ನೋಡಿದರೆ ಎರಡೂ ಕಡೆ ಗುಗ್ಗೆ ಕಲ್ಲಾಗಿ ಕೂತಿತ್ತು. ನೆನೆಯಲು ಹನಿ ಕೊಟ್ಟು, ಕೆಲವು ದಿನ ಬಿಟ್ಟು ತೆಗೆದರು. ತೆಗೆದ ಕೂಡಲೇ ಆಕೆ, "ಫ್ಯಾನ್ ಯಾಕ ಇಷ್ಟು ಗುಂಯ್ ಅಂತೈತಿ?" ಎಂದು ಮೇಲೆ ನೋಡಿದಳು. ನಂತರ ಸದ್ದಿಲ್ಲದ ಸಣ್ಣ ಕೋಣೆ. ಸೆರಗು ಸರಿಸಿ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟು, 'ಟುಯ್' ಅಂದಾಗೆಲ್ಲ ಒತ್ತಬೇಕು ಎಂದರು. ಆಕೆಗೆ ಗುಂಡಿ ಮುರಿದರೆ ದಂಡ ಕಟ್ಟಬೇಕೇನೋ ಎಂಬ ಅಂಜಿಕೆ. ಒತ್ತಲೇ ಇಲ್ಲ. ಪರೀಕ್ಷೆ ಮಾಡುವ ಹುಡುಗಿ ಜಾಣೆ; ಗುಂಡಿ ತೆಗೆದುಕೊಂಡು, "ಕೇಳಿದ್ರ ಬಟ್ಟ ಎತ್ತವ್ವಾ" ಅಂದಳು. ಆಗ ನೋಡಿ, ಬೆರಳು ಎದ್ದಿದ್ದೇ ಎದ್ದಿದ್ದು. ಹಾಳೆಯ ಮೇಲೆ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ. ಗೆರೆ ಎಡದಿಂದ ಬಲಕ್ಕೆ ಇಳಿಯುತ್ತಾ ಹೋಯಿತು. ಗುಗ್ಗೆ ತೆಗೆದ ಮೇಲೂ ಎರಡೂ ಕಿವಿ 55ರ ಆಸುಪಾಸು.

ಕನ್ನಡದವರ ಕಿವಿಯನ್ನು ಬರೀ 'ಟುಯ್' ಸದ್ದಿನಿಂದ ಅಳೆದರೆ ಸಾಲದು, ಕನ್ನಡದ ಮಾತಿನಿಂದಲೇ ಅಳೆಯಬೇಕು. ಆ ಕೆಲಸವನ್ನು ಮಾಡಿರುವುದು 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಎಲ್ಲರ ಬಾಯಲ್ಲಿ ಆಯಿಷ್. ಕನ್ನಡದ ಧ್ವನಿಗಳು ಸಮನಾಗಿ ಹಂಚಿಕೆಯಾದ ಪದಪಟ್ಟಿಗಳು, ಗದ್ದಲದ ನಡುವೆ ವಾಕ್ಯ ಹಿಡಿಯುವ ಪರೀಕ್ಷೆಗಳು ಅಲ್ಲಿ ತಯಾರಾಗಿವೆ. ಸದ್ದಿಲ್ಲದ ಕೋಣೆಯಲ್ಲಿ ಪಾಸಾದ ಎಷ್ಟೋ ಹಿರಿಯರು ಗದ್ದಲದ ಪರೀಕ್ಷೆಯಲ್ಲಿ ಎಡವುತ್ತಾರೆ. ನಮ್ಮ ಮನೆಗಳು ಎಂದಾದರೂ ಸದ್ದಿಲ್ಲದೆ ಇರುತ್ತವೆಯೇ?

ಇನ್ನು ಸರ್ಕಾರದ ಲೆಕ್ಕ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿ 60 ಡೆಸಿಬಲ್ ಮುಟ್ಟಿದರೆ ಮಾತ್ರ ಮಂದ ಶ್ರವಣ, 70 ಮುಟ್ಟಿದರೆ ಕಿವುಡು. ನನ್ನ 48–52 ಆಗಲಿ, ದೊಡ್ಡವ್ವನ 55 ಆಗಲಿ ಕಾಗದದ ಮೇಲೆ ಏನೂ ಅಲ್ಲ. ಆದರೆ ಅಚೀವ್ ಪ್ರಯೋಗಕ್ಕೆ ಆರಿಸಿದ್ದು 30ರಿಂದ 70ರೊಳಗಿನವರನ್ನು. ಲಿನ್ ಲೆಕ್ಕದಲ್ಲಿ ಅಲ್ಪ ಮಂದ ಕಿವಿಯವರಿಗೂ ಬುದ್ಧಿಮರೆವಿನ ಸಂಭವ ಹೆಚ್ಚಿತ್ತು. ಪ್ರಮಾಣಪತ್ರದ ಗೆರೆ ಮತ್ತು ಮಿದುಳಿನ ಗೆರೆ ಬೇರೆಬೇರೆ ಎನ್ನುವುದನ್ನು ಅಧಿಕಾರಿಗಳು ಒಮ್ಮೆ ಕೂತು ಯೋಚಿಸಬೇಕು. ಪುಣ್ಯಕ್ಕೆ 2017ರಲ್ಲಿ ಬಂದ ರಾಷ್ಟ್ರೀಯ ವಯೋಶ್ರೀ ಯೋಜನೆ ವಯಸ್ಸಿನಿಂದ ಬಂದ ಮಂದ ಕಿವಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 60 ದಾಟಿದ ಬಿಪಿಎಲ್ ಕುಟುಂಬದವರಿಗೆ ಕೋಲು, ಕನ್ನಡಕ, ಹಲ್ಲುಸೆಟ್ಟಿನ ಜೊತೆ ಶ್ರವಣಯಂತ್ರವನ್ನೂ ಕ್ಯಾಂಪುಗಳಲ್ಲಿ ಉಚಿತವಾಗಿ ಕೊಡುತ್ತಾರೆ.

ಕೊಟ್ಟ ಮೇಲೆ ಏನಾಗುತ್ತದೆ ಎಂಬುದು ಮುಖ್ಯ. ಊರಲ್ಲಿ ಎಷ್ಟೋ ಮಷೀನುಗಳು ದೇವರ ಜಗಲಿಯ ಮೇಲೆ ಭದ್ರವಾಗಿವೆ. ಹಾಕಿಕೊಂಡ ಮೊದಲ ವಾರ ಎಲ್ಲವೂ ಕರ್ಕಶ: ಬಳೆ, ಚಮಚ, ತನ್ನದೇ ಹೆಜ್ಜೆ. ವರ್ಷಗಟ್ಟಲೆ ಕೇಳದ ಸದ್ದು ಒಮ್ಮೆಲೇ ನುಗ್ಗಿದರೆ ಮಿದುಳಿಗೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ತಿಳಿಯುವುದಿಲ್ಲ. ಅದನ್ನು ಮರಳಿ ಕಲಿಯಲು ವಾರಗಳು ಬೇಕು. ದಿನಕ್ಕೆ ಒಂದೆರಡು ಗಂಟೆ, ಮನೆಯೊಳಗೆ, ಒಬ್ಬರ ಜೊತೆ ಮಾತು. ಆಮೇಲೆ ಕಟ್ಟೆ, ಆಮೇಲೆ ಸಂತೆ. ಗುಂಡಿಯಂಥ ಬ್ಯಾಟರಿಯ ಮೇಲೊಂದು ಅಂಟು ಇರುತ್ತದೆ. ಅದನ್ನು ಕಿತ್ತು ಗಾಳಿ ತಾಗಿತೆಂದರೆ ಬಳಸಿದರೂ ಬಳಸದಿದ್ದರೂ ಬ್ಯಾಟರಿ ಇಳಿಯುತ್ತದೆ. ಇದನ್ನು ಯಾರೂ ಹೇಳದೆ ದೊಡ್ಡವ್ವನ ಮೊಮ್ಮಗ ಆರೂ ಬ್ಯಾಟರಿಯ ಅಂಟು ಒಂದೇ ದಿನ ಕಿತ್ತು ಗೋಡೆಗೆ ಹಚ್ಚಿದ್ದ. ರಾಯಚೂರಿನ ಬೇಸಿಗೆಯ ಬೆವರು, ದೂಳು ಎರಡೂ ಮಷೀನಿಗೆ ಆಗುವುದಿಲ್ಲ. ರಾತ್ರಿ ಒರೆಸಿ, ಒಣಗಿದ ಡಬ್ಬಿಯಲ್ಲಿ ಇಡಬೇಕು.

ದೊಡ್ಡವ್ವ ಈಗ ಉಪ್ಪು ಕೇಳಿದರೆ ಉಪ್ಪೇ ತರುತ್ತಾಳೆ. ಸೊಸೆಯ ಜೊತೆ ಜಗಳವೂ ಶುರುವಾಗಿದೆ. ಅದನ್ನು ನಾನು ಚೇತರಿಕೆ ಎಂದೇ ಎಣಿಸುತ್ತೇನೆ. ಹಾಗಂತ ಎಲ್ಲ ಸರಿಯಾಗಿಲ್ಲ. ವಾರದ ಹೆಸರು ತಪ್ಪುತ್ತದೆ, ಬೆಳಿಗ್ಗೆ ಗುಳಿಗೆ ನುಂಗಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಮಷೀನು ಹಾಕಿಸಿ ಎರಡನೆಯ ಸಲ ನೆನಪಿನ ಪರೀಕ್ಷೆ ಮಾಡಿದಾಗ ಮೊದಲಿಗಿಂತ ಎಷ್ಟೋ ಹೆಚ್ಚು ಅಂಕ ಬಂತು, ಪೂರ್ತಿ ಬರಲಿಲ್ಲ. ಉಳಿದದ್ದು ನಿಜವಾದ ಮರೆವು; ಅದಕ್ಕೆ ಬೇರೆ ಆರೈಕೆ ಬೇಕು. ಯಾವುದು ಕಿವಿಯ ಪಾಲು, ಯಾವುದು ಮಿದುಳಿನ ಪಾಲು ಎಂದು ಬಿಡಿಸಿ ನೋಡಿದ್ದೇ ನಮಗಾದ ಲಾಭ.

ಕಿವಿ ಕೇಳದವರ ಜೊತೆ ಮಾತಾಡುವವರು ಕೂಗಬೇಡಿ. ಎದುರಿಗೆ ಬನ್ನಿ, ಬೆಳಕು ನಿಮ್ಮ ಮುಖದ ಮೇಲಿರಲಿ, ಟಿವಿ ಆರಿಸಿ, ನಿಧಾನವಾಗಿ ಹೇಳಿ. ತಿಳಿಯದಿದ್ದರೆ ಅದನ್ನೇ ಮತ್ತೆ ಒದರುವ ಬದಲು ಬೇರೆ ಮಾತಿನಲ್ಲಿ ಹೇಳಿ. 'ಏನಿಲ್ಲ ಬಿಡು' ಎಂದು ಮಾತ್ರ ಅನ್ನಬೇಡಿ. ಆ ಮಾತು ನಮಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿ ಹಬ್ಬಕ್ಕೆ ಊರಿಗೆ ಬರುವವರೇ, ಈ ಸಲ ಅಪ್ಪ–ಅವ್ವನಿಗೆ ಧೋತರ, ಸೀರೆಯ ಜೊತೆ ಒಂದು ದಿನವನ್ನೂ ತನ್ನಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕಿವಿ ನೋಡಿಸಿ, ಬೇಕಾದರೆ ರಾಯಚೂರಿನ ರಿಮ್ಸ್‌ವರೆಗೆ ಹೋಗಿ. ಗುಗ್ಗೆ ತೆಗೆಸಿ, ಅಳತೆ ಮಾಡಿಸಿ, ಆ ಹಾಳೆಯನ್ನು ಪಡಿತರ ಚೀಟಿಯ ಜೊತೆ ಜೋಪಾನವಾಗಿಡಿ. ನೆನಪಿನ ಪರೀಕ್ಷೆಗೆ ಹೋಗುವ ದಿನ ಡಾಕ್ಟರಿಗೆ ಮೊದಲು ತೋರಿಸಬೇಕಾದದ್ದು ಆ ಹಾಳೆಯನ್ನು.